ಮೊದಲು ಮನೆಯ ಲೆಕ್ಕ, ಆಮೇಲೆ ಮಾನಿಟರ್, ಕೊನೆಗೆ ಕಾರ್ಡ್

ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಕೆಲವರ ಮನೆಗೆ ಕಂಪ್ಯೂಟರ್ ಬರುತ್ತದೆ. ಒಬ್ಬರಿಗೆ ಗಲ್ಫ್‌ನಲ್ಲಿರುವ ಅಣ್ಣ ದುಡ್ಡು ಕಳಿಸುತ್ತಾರೆ, ಇನ್ನೊಬ್ಬರಿಗೆ ಅಡಿಕೆ ಮಾರಿದ ಮೇಲೆ ಅಪ್ಪ ಕೊಡಿಸುತ್ತಾರೆ, ಮತ್ತೊಬ್ಬರು ಕಂತಿನಲ್ಲಿ ತರುತ್ತಾರೆ. ದುಡ್ಡು ಯಾವ ದಾರಿಯಿಂದ ಬಂದರೂ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: '1080ಪಿ ಹಳೆಯದಾಯಿತು, 1440ಪಿ ಮಾನಿಟರ್ ತಗೋ. ಆಗುವುದಾದರೆ 4ಕೆ ತಗೋ. ಕಾರ್ಡ್ ಯಾವುದಾದರೂ ಹೊಸದು ಹಾಕು.'

ಈ ಸಲಹೆ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಗೇಮ್ ಆಡುವುದು ತಪ್ಪು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಾನೂ ಆಡುತ್ತೇನೆ. ಆದರೆ ಮಾನಿಟರ್ ಎಂಬುದು ಒಮ್ಮೆ ದುಡ್ಡು ಕೊಟ್ಟು ಮುಗಿಸುವ ವಸ್ತುವಲ್ಲ. ಅದು ಎಷ್ಟು ಚುಕ್ಕೆಗಳನ್ನು ತೋರಿಸುತ್ತದೆಯೋ ಅಷ್ಟನ್ನೂ ಬಿಡಿಸಿ ಕೊಡಬಲ್ಲ ಕಾರ್ಡ್ ಅದಕ್ಕೆ ಬೇಕು. ಇವತ್ತೂ ಬೇಕು, ನಾಲ್ಕು ವರ್ಷ ಬಿಟ್ಟು ಕಾರ್ಡ್ ಬದಲಿಸುವಾಗಲೂ ಬೇಕು. ಆದ್ದರಿಂದ ಮೊದಲು ಮನೆಯ ಲೆಕ್ಕ, ಆಮೇಲೆ ಆ ಲೆಕ್ಕಕ್ಕೆ ಹೊಂದುವ ಮಾನಿಟರ್, ಕೊನೆಗೆ ಆ ಮಾನಿಟರಿಗೆ ಸಾಕಾಗುವ ಕಾರ್ಡ್. ಈ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಆಟವೂ ಕೆಡುತ್ತದೆ.

ಚುಕ್ಕೆಗಳ ಲೆಕ್ಕದಿಂದಲೇ ಶುರು ಮಾಡೋಣ. 1080ಪಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳಿವೆ. ಗುಣಿಸಿದರೆ 20,73,600. 1440ಪಿಯಲ್ಲಿ 2560 ಗುಣಿಸು 1440, ಅಂದರೆ 36,86,400. 4ಕೆಯಲ್ಲಿ 3840 ಗುಣಿಸು 2160, ಅಂದರೆ 82,94,400. 1080ಪಿಗಿಂತ 1440ಪಿ ಸುಮಾರು 1.8 ಪಟ್ಟು, 4ಕೆ ಸರಿಯಾಗಿ 4 ಪಟ್ಟು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ 1080ಪಿಯಲ್ಲಿ ಕಾರ್ಡ್ ಸೆಕೆಂಡಿಗೆ ಸುಮಾರು 12 ಕೋಟಿ ಪಿಕ್ಸೆಲ್ ಬಿಡಿಸಬೇಕು, 1440ಪಿಯಲ್ಲಿ 22 ಕೋಟಿ, 4ಕೆಯಲ್ಲಿ ಸುಮಾರು 50 ಕೋಟಿ. ಫ್ರೇಮ್‌ಗಳು ಇದೇ ಲೆಕ್ಕದಲ್ಲಿ ಕರಾರುವಾಕ್ಕಾಗಿ ಇಳಿಯುವುದಿಲ್ಲ ನಿಜ, ಏಕೆಂದರೆ ಗೇಮ್‌ನ ಕೆಲವು ಕೆಲಸಗಳಿಗೆ ಪರದೆಯ ಗಾತ್ರದ ಜೊತೆ ಸಂಬಂಧವಿಲ್ಲ. ಆದರೆ ಹೊರೆ ಯಾವ ಕಡೆ ಏರುತ್ತದೆ ಎಂಬುದಕ್ಕೆ ಈ ಲೆಕ್ಕ ಸಾಕು.

ಇಲ್ಲಿ ಒಂದು ಗೊಂದಲ ನಮ್ಮಲ್ಲಿ ತುಂಬ ಇದೆ. 'ನನ್ನ ಹಳೆಯ ಕಂಪ್ಯೂಟರಿನಲ್ಲೇ 4ಕೆ ಓಡುತ್ತಲ್ಲ' ಎಂದು ಯೂಟ್ಯೂಬ್ ತೋರಿಸುತ್ತಾರೆ. ನಮ್ಮ ಹೆಬ್ಬೆ ಜಲಪಾತದ ಡ್ರೋನ್ ವಿಡಿಯೊ ಹಾಕಿದರೆ ಒಂದೊಂದು ಹನಿಯೂ ಕಾಣುತ್ತದೆ, ಕಾರ್ಡ್ ಇಲ್ಲದಿದ್ದರೂ ತಡೆಯಿಲ್ಲದೆ ಓಡುತ್ತದೆ. ಆದರೆ ಆ ವಿಡಿಯೊದಲ್ಲಿ ಚಿತ್ರ ಆಗಲೇ ತಯಾರಾಗಿದೆ, ಕಂಪ್ಯೂಟರ್ ಅದನ್ನು ಬಿಚ್ಚಿ ತೋರಿಸಿದರೆ ಸಾಕು. ಗೇಮ್‌ನಲ್ಲಿ ಹಾಗಲ್ಲ. ನೀವು ಮೌಸ್ ಯಾವ ಕಡೆ ತಿರುಗಿಸುತ್ತೀರೋ ಯಾರಿಗೂ ಮೊದಲೇ ಗೊತ್ತಿಲ್ಲ. ಆದ್ದರಿಂದ ಬೆಳಕು, ನೆರಳು, ನೀರು ಎಲ್ಲವನ್ನೂ ಪ್ರತಿ ಫ್ರೇಮ್‌ಗೂ ಹೊಸದಾಗಿ ಲೆಕ್ಕ ಹಾಕಿ ಬಿಡಿಸಬೇಕು. 4ಕೆ ವಿಡಿಯೊ ನೋಡುವುದಕ್ಕೂ 4ಕೆ ಗೇಮ್ ಆಡುವುದಕ್ಕೂ ಇರುವ ವ್ಯತ್ಯಾಸ ಇದು.

ಹಾಗಾದರೆ ಯಾವ ಮಾನಿಟರ್? 24 ಇಂಚಿನಲ್ಲಿ 1080ಪಿ ಇದ್ದರೆ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್ ಬರುತ್ತವೆ. ಅದೇ 1080ಪಿಯನ್ನು 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ, ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. 27 ಇಂಚಿನಲ್ಲಿ 1440ಪಿ ಇದ್ದರೆ ಸುಮಾರು 109. ಮೇಜಿನ ಮುಂದೆ ಕೂರುವವರಿಗೆ ಇದು ಒಳ್ಳೆಯ ಅಳತೆ. 27 ಇಂಚಿನ 4ಕೆಯಲ್ಲಿ 163 ಬರುತ್ತದೆ. ಚೆನ್ನಾಗಿಯೇ ಕಾಣುತ್ತದೆ, ಆದರೆ ಅದನ್ನು ಹೊರುವ ಕಾರ್ಡಿನ ಬೆಲೆ ನಮ್ಮ ಮನೆಗಳ ಅಳತೆಯದ್ದಲ್ಲ. 4ಕೆ ಬಿಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ನಮ್ಮ ಮುಂದಿರುವ ನಿಜವಾದ ಆಯ್ಕೆ ಎರಡೇ: 24 ಇಂಚಿನ 1080ಪಿ ಅಥವಾ 27 ಇಂಚಿನ 1440ಪಿ.

'ಈಗ ದೊಡ್ಡ ಮಾನಿಟರ್ ತಗೊಂಡಿರೋಣ, ಕಾರ್ಡ್ ಆಮೇಲೆ ನೋಡೋಣ' ಎನ್ನುವವರಿದ್ದಾರೆ. ಮಾನಿಟರ್ ಕಾರ್ಡಿಗಿಂತ ಹೆಚ್ಚು ವರ್ಷ ಬಾಳುತ್ತದೆ ಎಂಬ ಅವರ ಮಾತು ನಿಜ. ಆದರೆ ಕಾರ್ಡ್ ಸಾಲದೆ 1440ಪಿ ಪರದೆಯನ್ನು 1080ಪಿಗೆ ಇಳಿಸಿ ಆಡಿದರೆ ಚಿತ್ರ ಮಸುಕಾಗುತ್ತದೆ. ಮೂರು ಪಿಕ್ಸೆಲ್‌ನ ಬಣ್ಣವನ್ನು ನಾಲ್ಕಕ್ಕೆ ಹಂಚಬೇಕಾಗುವುದರಿಂದ ಲೆಕ್ಕ ಸಮನಾಗಿ ಕೂರುವುದಿಲ್ಲ. ದುಡ್ಡು ಹೆಚ್ಚು ಕೊಟ್ಟು, ಕಡಿಮೆ ಬೆಲೆಯ ಮಾನಿಟರಿಗಿಂತ ಮಂಕಾದ ಚಿತ್ರ ನೋಡಿದಂತಾಗುತ್ತದೆ.

ಈಗ ಕಾರ್ಡಿನ ವಿಷಯ. ಪೆಟ್ಟಿಗೆಯ ಮೇಲಿರುವ ಹೆಸರು ನೋಡಿ ಕೊಳ್ಳುವುದು ನಮ್ಮ ದೊಡ್ಡ ಅಭ್ಯಾಸ. 1440ಪಿಗೆ ಹೋಗುವವರು ಹೆಸರಿಗಿಂತ ಮೊದಲು ಮೆಮೊರಿ ನೋಡಬೇಕು. ಅಡಿಕೆ ತೋಟ ಇರುವವರಿಗೆ ಇದನ್ನು ಹೀಗೆ ಹೇಳಬಹುದು: ಕಾರ್ಡಿನ ಚಿಪ್ ಎಂದರೆ ಮೋಟರ್, ಮೆಮೊರಿ ಎಂದರೆ ತೊಟ್ಟಿ, ಮೆಮೊರಿಯಿಂದ ಚಿಪ್‌ಗೆ ಹೋಗುವ ದಾರಿ ಎಂದರೆ ಪೈಪು. ಮೋಟರ್ ಎಷ್ಟೇ ಜೋರಾಗಿದ್ದರೂ ತೊಟ್ಟಿ ಚಿಕ್ಕದಾಗಿದ್ದರೆ ನಡುವೆ ನಿಂತು ನಿಂತು ಓಡುತ್ತದೆ. ಕಾರ್ಡಿನ ಮೆಮೊರಿ ತುಂಬಿದಾಗ ಗೇಮ್‌ನ ಚಿತ್ರಸಾಮಗ್ರಿ ಕಂಪ್ಯೂಟರಿನ ಸಾಮಾನ್ಯ ರ್‍ಯಾಮ್‌ಗೆ ಹೋಗಿ ಕೂರುತ್ತದೆ. ಅಲ್ಲಿಂದ ತರುವಷ್ಟರಲ್ಲಿ ತಡವಾಗಿ ಆಟ ತಡವರಿಸುತ್ತದೆ, ಕೆಲವು ಗೇಮ್‌ಗಳಲ್ಲಿ ಗೋಡೆ, ನೆಲ ಎಲ್ಲ ಮಸುಕಾಗಿ ಉಳಿಯುತ್ತವೆ. ಸರಾಸರಿ ಫ್ರೇಮ್ ಸಂಖ್ಯೆಯಲ್ಲಿ ಇದು ಕಾಣುವುದಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ.

ಒಂದೇ ಹೆಸರಿನಲ್ಲಿ ಎರಡು ಮೆಮೊರಿ ಮಾರುವುದು ಈಗ ಮಾಮೂಲಾಗಿದೆ. 2023ರ ಆರ್‌ಟಿಎಕ್ಸ್ 4060 ಟಿಐ 8 ಜಿಬಿಯಲ್ಲೂ ಇದೆ, 16 ಜಿಬಿಯಲ್ಲೂ ಇದೆ. 2025ರ ಏಪ್ರಿಲ್‌ನಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಕೂಡ ಹಾಗೆಯೇ. ಅದೇ ವರ್ಷ ಜೂನ್‌ನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೆಯೇ. 2021ರ ಆರ್‌ಟಿಎಕ್ಸ್ 3060 ಮೊದಲು 12 ಜಿಬಿಯಲ್ಲಿ ಬಂತು, ಮರುವರ್ಷ ಅದೇ ಹೆಸರಿನಲ್ಲಿ 8 ಜಿಬಿಯದು ಬಂತು. ಅದರ ಪೈಪು ಕೂಡ 192 ಬಿಟ್‌ನಿಂದ 128 ಬಿಟ್‌ಗೆ ಇಳಿದಿತ್ತು. ಯೂಟ್ಯೂಬಿನಲ್ಲಿ 16 ಜಿಬಿ ಕಾರ್ಡಿನ ವಿಮರ್ಶೆ ನೋಡಿ, ಅಂಗಡಿಯಲ್ಲಿ ಅದೇ ಹೆಸರಿನ 8 ಜಿಬಿ ಕಾರ್ಡ್ ತಂದರೆ ಮೋಸ ಮಾಡಿದವರು ಯಾರೂ ಇಲ್ಲ. ಪೆಟ್ಟಿಗೆಯ ಮೇಲೆ ಬರೆದೇ ಇರುತ್ತದೆ, ಓದುವ ಕೆಲಸ ನಮ್ಮದು.

1440ಪಿಯಲ್ಲಿ ಹೊಸ ದೊಡ್ಡ ಗೇಮ್‌ಗಳನ್ನು ಆಡುವ ಆಸೆ ಇರುವವರು 12 ಜಿಬಿಗಿಂತ ಕಡಿಮೆ ಮೆಮೊರಿಯ ಹೊಸ ಕಾರ್ಡಿಗೆ ದುಡ್ಡು ಹಾಕಬಾರದು ಎಂಬುದು ನನ್ನ ಮಾತು. ಈ ಮಟ್ಟದಲ್ಲಿ ನೋಡಬಹುದಾದ ಕಾರ್ಡ್‌ಗಳು ಮೂರು: 2024ರ ಡಿಸೆಂಬರ್‌ನಲ್ಲಿ ಬಂದ ಇಂಟೆಲ್‌ನ ಆರ್ಕ್ ಬಿ580, ಇದು 12 ಜಿಬಿ, ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ, ಆರ್‌ಟಿಎಕ್ಸ್ 5060 ಟಿಐಯ 16 ಜಿಬಿ. ಅಮೆರಿಕದಲ್ಲಿ ಇವುಗಳ ಆರಂಭದ ಬೆಲೆ ಕ್ರಮವಾಗಿ 249, 349, 429 ಡಾಲರ್ ಇತ್ತು. ಆ ಬೆಲೆಯಲ್ಲಿ ತೆರಿಗೆ ಸೇರಿಲ್ಲ, ನಮ್ಮಲ್ಲಿ ಶೇಕಡ 18 ಜಿಎಸ್‌ಟಿ ಸೇರುತ್ತದೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ನಡುವಿನ ಕಾರ್ಡ್ ತೆರಿಗೆ ಸೇರಿ ಸುಮಾರು 35,000 ರೂಪಾಯಿ ಆಗುತ್ತದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳೇ ದುಬಾರಿಯಾಗಿವೆ. ಅದರ ಬಿಸಿ ಕಾರ್ಡಿಗೂ ತಟ್ಟುತ್ತದೆ, ರ್‍ಯಾಮ್‌ಗೂ ತಟ್ಟುತ್ತದೆ.

ಬಿ580 ಅಗ್ಗ ಎಂದು ಕಣ್ಣು ಮುಚ್ಚಿ ತರಬೇಡಿ. ಅದಕ್ಕೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು. ಆಫೀಸಿನಿಂದ ಹೊರಬಂದ ನಾಲ್ಕನೆಯ, ಆರನೆಯ ಜನರೇಶನ್‌ನ ಐ5 ಕಂಪ್ಯೂಟರ್ ಇಟ್ಟುಕೊಂಡವರಿಗೆ ಅದು ಹೊಂದುವುದಿಲ್ಲ. ಅಂಥ ಆಫೀಸ್ ಕಂಪ್ಯೂಟರುಗಳ ಪವರ್ ಸಪ್ಲೈ ಚಿಕ್ಕದು, ಕಾರ್ಡಿಗೆ ಬೇಕಾದ ಪ್ರತ್ಯೇಕ ವೈರೂ ಅನೇಕದರಲ್ಲಿ ಇರುವುದಿಲ್ಲ. ಸ್ಲಾಟ್‌ನಿಂದ ಸಿಗುವುದು 75 ವ್ಯಾಟ್ ಮಾತ್ರ. ಅಲ್ಲಿಗೆ ಹೊಂದುವುದು ಆರ್‌ಟಿಎಕ್ಸ್ 3050ಯ 6 ಜಿಬಿ ಮಾದರಿಯಂಥ 70 ವ್ಯಾಟಿನ ಕಾರ್ಡ್, ಅದು 1080ಪಿಯ ಕಾರ್ಡ್. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2, ಜಿಟಿಎ 5 ಇಷ್ಟೇ ಆಡುವವರಿಗೆ 1440ಪಿಯೂ ಬೇಡ, 16 ಜಿಬಿಯೂ ಬೇಡ.

'ಡಿಎಲ್‌ಎಸ್‌ಎಸ್ ಇದೆಯಲ್ಲ, ಎಫ್‌ಎಸ್‌ಆರ್ ಇದೆಯಲ್ಲ' ಎಂಬ ಉತ್ತರ ಬರುತ್ತದೆ. ಇವು ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಬಿಡಿಸಿ ಅದನ್ನು ದೊಡ್ಡದು ಮಾಡುವ ವಿದ್ಯೆಗಳು. 1440ಪಿಯಲ್ಲಿ ಕ್ವಾಲಿಟಿ ಮೋಡ್ ಹಾಕಿದರೆ ಒಳಗೆ ನಿಜವಾಗಿ ಬಿಡಿಸುವುದು ಸುಮಾರು 1707 ಗುಣಿಸು 960 ಪಿಕ್ಸೆಲ್, ಅಂದರೆ 1080ಪಿಗಿಂತಲೂ ಕಡಿಮೆ. 1440ಪಿ ಮಾನಿಟರ್ ನಮ್ಮ ಕೈಗೆ ಎಟುಕುವಂತಾಗಿರುವುದೇ ಇದರಿಂದ ಎಂದು ಒಪ್ಪುತ್ತೇನೆ. ಆದರೆ ಎರಡು ಎಚ್ಚರಿಕೆ. ಡಿಎಲ್‌ಎಸ್‌ಎಸ್ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಮಾತ್ರ ಇದೆ, ಎಫ್‌ಎಸ್‌ಆರ್ 4 ಆರ್‌ಎಕ್ಸ್ 9000 ಸರಣಿಯೊಂದಿಗೆ ಬಂದದ್ದು. ನೀವು ಆಡುವ ಗೇಮ್‌ನಲ್ಲಿ ಅದು ಇದೆಯೇ ಎಂದು ನೋಡಬೇಕು. ಇನ್ನು ಫ್ರೇಮ್ ಜನರೇಶನ್ ಬೇರೆಯೇ ವಿಷಯ. ಎರಡು ನಿಜವಾದ ಫ್ರೇಮ್‌ಗಳ ನಡುವೆ ಊಹಿಸಿದ ಫ್ರೇಮ್ ಸೇರಿಸಿ ಸಂಖ್ಯೆ ಹೆಚ್ಚಿಸುತ್ತದೆ. ಚಲನೆ ನಯವಾಗಿ ಕಾಣುತ್ತದೆ, ಆದರೆ ಮೌಸ್ ಒತ್ತಿದ್ದಕ್ಕೆ ಪರದೆ ಬೇಗ ಉತ್ತರ ಕೊಡುವುದಿಲ್ಲ. ಮೇಲಾಗಿ ಮೆಮೊರಿಯನ್ನೂ ತಿನ್ನುತ್ತದೆ. ಜಾಹೀರಾತಿನ ದೊಡ್ಡ ಸಂಖ್ಯೆಗಳನ್ನು ಓದುವಾಗ ಇದು ನೆನಪಿರಲಿ.

ಇಲ್ಲಿಯವರೆಗೆ ಹೇಳಿದ್ದು ಬೆಂಗಳೂರಿನ ಹುಡುಗರಿಗೂ ಅನ್ವಯಿಸುತ್ತದೆ. ಇನ್ನು ಮುಂದಿನದು ನಮಗೆ, ಅಂದರೆ ಲಿಂಗದಹಳ್ಳಿ, ತರೀಕೆರೆ, ಹೆಬ್ಬೆ, ಕೆಮ್ಮಣ್ಣುಗುಂಡಿ ಕಡೆಯವರಿಗೆ.

ಮೊದಲನೆಯದು ಕರೆಂಟ್. 5060 ಟಿಐ ಕಾರ್ಡ್ ಒಂದೇ 180 ವ್ಯಾಟ್ ಎಳೆಯುತ್ತದೆ. ಇಡೀ ಕಂಪ್ಯೂಟರ್ ಆಟದ ಹೊತ್ತಿನಲ್ಲಿ 350 ವ್ಯಾಟ್ ಹತ್ತಿರ ಹೋಗಬಹುದು. ದಿನಕ್ಕೆ ಮೂರು ಗಂಟೆ ಆಡಿದರೆ ಒಂದು ಯೂನಿಟ್ ದಾಟುತ್ತದೆ, ತಿಂಗಳಿಗೆ 30 ಯೂನಿಟ್‌ಗಿಂತ ಹೆಚ್ಚು. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿದ್ದಾರೆ. ಅದನ್ನು ದಾಟಿದ ಯೂನಿಟ್‌ಗಳಿಗೆ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್. ಎರಡು ಬಲ್ಬು, ಒಂದು ಟಿವಿ, ಒಂದು ಮಿಕ್ಸಿ ಇದ್ದ ಮನೆಯ ಸೊನ್ನೆ ಬಿಲ್ ನಮ್ಮ ಆಟದಿಂದ ಹೋಗುತ್ತದೆ. ಮೊತ್ತ ದೊಡ್ಡದಲ್ಲದಿರಬಹುದು. ಆದರೆ ಅದು ಬಂದ ಮೇಲೆ ಅಮ್ಮಿಗೆ ಗೊತ್ತಾಗುವುದಕ್ಕಿಂತ ಮೊದಲೇ ನಾವು ಹೇಳಿರುವುದು ಒಳ್ಳೆಯದು.

ಎರಡನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು, ಗಾಳಿ ಬೀಸಿ ಕರೆಂಟ್ ಹೋಗಿ ಬಂದು ಮಾಡುವುದು ಮಲೆನಾಡಿನಲ್ಲಿ ಹೊಸದಲ್ಲ. 35,000ದ ಕಾರ್ಡನ್ನು ಹೆಸರಿಲ್ಲದ ಅಗ್ಗದ ಪವರ್ ಸಪ್ಲೈಗೆ ಜೋಡಿಸುವುದು ದೊಡ್ಡ ಅವಿವೇಕ. 5060 ಟಿಐಗೆ 600 ವ್ಯಾಟ್, 9060 ಎಕ್ಸ್‌ಟಿಗೆ 450 ವ್ಯಾಟ್ ಪವರ್ ಸಪ್ಲೈ ಇರಲಿ ಎಂದು ತಯಾರಕರೇ ಹೇಳುತ್ತಾರೆ. 80 ಪ್ಲಸ್ ಎಂಬ ಚೀಟಿ ಎಷ್ಟು ಕರೆಂಟ್ ಉಳಿಯುತ್ತದೆ ಎಂದು ಹೇಳುತ್ತದೆಯೇ ಹೊರತು ಒಳಗಿನ ರಕ್ಷಣೆ ಎಷ್ಟು ಗಟ್ಟಿ ಎಂದು ಹೇಳುವುದಿಲ್ಲ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಆಟದ ನಡುವೆ ಕರೆಂಟ್ ಹೋದರೆ ಅದು ತಾನೂ ಮಲಗುವ ಸಾಧ್ಯತೆ ಇದೆ. ಪವರ್ ಸಪ್ಲೈ, ಯುಪಿಎಸ್, ಅರ್ತಿಂಗ್ ಮೂರನ್ನೂ ಕಾರ್ಡಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ಸೇರಿಸಿದ ಮೇಲೆ 1440ಪಿ ಕೈ ಮೀರಿದರೆ, ಅದು ಕೈ ಮೀರಿದೆ ಎಂದೇ ಅರ್ಥ.

ಮೂರನೆಯದು ದೂರ. ಬಿಡಿಭಾಗಗಳೆಂದರೆ ನಮಗೆಲ್ಲ ನೆನಪಾಗುವುದು ಬೆಂಗಳೂರಿನ ಎಸ್‌ಪಿ ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ. ಒಂದೇ ಕಾರ್ಡಿಗೆ ನಾಲ್ಕು ಅಂಗಡಿಯಲ್ಲಿ ನಾಲ್ಕು ಬೆಲೆ ಕೇಳಬಹುದು, ಅದು ಅಲ್ಲಿನ ಲಾಭ. ಆದರೆ ಕಾರ್ಡ್ ಕೆಟ್ಟರೆ ಮತ್ತೆ ತರೀಕೆರೆಯಿಂದ ರೈಲು ಹತ್ತಬೇಕು. ಆದ್ದರಿಂದ ಬಿಲ್ ಇಲ್ಲದೆ ಎರಡು ಸಾವಿರ ಕಡಿಮೆ ಎಂದರೆ ಬೇಡ ಎನ್ನಿ. ಬಿಲ್‌ನಲ್ಲಿರುವ ಸೀರಿಯಲ್ ನಂಬರ್ ಕಾರ್ಡಿನ ಮೇಲಿನದ್ದಕ್ಕೆ ಹೊಂದುತ್ತದೆಯೇ ನೋಡಿ. ವಾರಂಟಿಗೆ ಎಲ್ಲಿಗೆ ಹೋಗಬೇಕು, ಶಿವಮೊಗ್ಗದಲ್ಲಿ ಆಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಎರಡು ಮಾತು. 2021ರಲ್ಲಿ ಕ್ರಿಪ್ಟೊ ಮೈನಿಂಗ್ ಮಾಡುವವರು ಕಾರ್ಡ್‌ಗಳನ್ನು ಬಾಚಿಕೊಂಡು ಬೆಲೆ ಆಕಾಶಕ್ಕೇರಿತ್ತು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ವಿಧಾನ ಬದಲಿಸಿ ಮೈನಿಂಗ್ ನಿಲ್ಲಿಸಿದ ಮೇಲೆ ಆ ಕಾರ್ಡ್‌ಗಳು ಹಳೆಯ ಮಾಲಾಗಿ ಮಾರುಕಟ್ಟೆಗೆ ಬಂದವು. 12 ಜಿಬಿಯ 3060 ಹೀಗೆ ಸಿಕ್ಕರೆ 1440ಪಿಗೆ ಬಡವರ ದಾರಿ ಅದೇ. ಆದರೆ ಕಣ್ಣೆದುರು ಅರ್ಧ ಗಂಟೆ ಭಾರದ ಗೇಮ್ ಓಡಿಸಿ, ಫ್ಯಾನ್ ಶಬ್ದ ಕೇಳಿ, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಹೆಸರು, ಮೆಮೊರಿ ನೋಡಿ ಆಮೇಲೆ ದುಡ್ಡು ಕೊಡಿ. ಹಳೆಯ ಚಿಪ್‌ಗೆ ಹೊಸ ಹೆಸರು ತುಂಬಿದ ನಕಲಿ ಕಾರ್ಡ್‌ಗಳೂ ಮಾರುಕಟ್ಟೆಯಲ್ಲಿವೆ. ಓಡಿಸಿ ತೋರಿಸದವರ ಹತ್ತಿರ ಕೊಳ್ಳಬೇಡಿ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಮಾತು. ಕಾರ್ಡ್ ಬೇಕೆನಿಸಿದಾಗ ನಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ಹೇಳುವುದು 'ಓದೋಕೆ ಬೇಕು' ಎಂದು. ಸಿಇಟಿ ಅರ್ಜಿ ತುಂಬಲು, ನೀಟ್ ಪಾಠ ಕೇಳಲು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಇದು ನಮಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿಲ್ಲ ಎಂಬುದನ್ನೇ ಬಳಸಿಕೊಂಡು ದುಡ್ಡು ಕೇಳುವುದು ಸರಿಯಲ್ಲ. ಮುಂದೆ ಅನಿಮೇಶನ್ ಕಲಿಯುವವರಿಗೆ, ಬ್ಲೆಂಡರ್ ಬಳಸುವವರಿಗೆ, ಎಐ ಪ್ರಯೋಗ ಮಾಡುವವರಿಗೆ ಕಾರ್ಡ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಹಾಗಿದ್ದರೆ ಅದನ್ನು ಹೇಳಿ. ಆಟಕ್ಕೆ ಬೇಕಾದರೆ ಆಟಕ್ಕೆ ಎಂದೇ ಹೇಳಿ. ಕ್ರಿಕೆಟ್ ಬ್ಯಾಟ್ ಕೇಳುವಾಗ ನಾವು ಓದಿನ ನೆಪ ಹೇಳುವುದಿಲ್ಲವಲ್ಲ.

ಇಂಥ ಕಾರ್ಡ್‌ಗಳನ್ನು ವಿನ್ಯಾಸ ಮಾಡುವ ಕೆಲಸ ನಮ್ಮ ರಾಜ್ಯದಲ್ಲೂ ನಡೆಯುತ್ತದೆ ಎಂಬುದೂ ತಿಳಿದಿರಲಿ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಎನ್ವಿಡಿಯಾ, ಇಂಟೆಲ್ ಎಂಜಿನಿಯರ್‌ಗಳೂ ಅಲ್ಲಿದ್ದಾರೆ. ಕಾರ್ಡ್ ಒಳಗೆ ಏನು ನಡೆಯುತ್ತದೆ ಎಂದು ಕಲಿಯಲು ಕಾರ್ಡ್ ಕೊಳ್ಳಲೇಬೇಕೆಂದಿಲ್ಲ. ಪಿಸಿಎಂಬಿ, ಪಿಸಿಎಂಸಿ ತರಗತಿಯ ಮ್ಯಾಟ್ರಿಕ್ಸ್ ಪಾಠದಿಂದಲೇ ಅದು ಶುರುವಾಗುತ್ತದೆ.

ಆದ್ದರಿಂದ ಮನೆಯಲ್ಲಿ ಕೇಳುವ ಮೊದಲು ಒಂದು ಹಾಳೆಯಲ್ಲಿ ಐದು ಸಾಲು ಬರೆಯಿರಿ: ಯಾವ ಗೇಮ್ ಆಡುತ್ತೇನೆ, ಯಾವ ಮಾನಿಟರ್, ಎಷ್ಟು ಜಿಬಿಯ ಕಾರ್ಡ್, ಪವರ್ ಸಪ್ಲೈ ಮತ್ತು ಯುಪಿಎಸ್ ಸೇರಿ ಒಟ್ಟು ಎಷ್ಟು, ತಿಂಗಳಿಗೆ ಎಷ್ಟು ಯೂನಿಟ್. ಅದನ್ನು ಅಬ್ಬಾ ಮುಂದೆ ಇಡಿ. ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಅದರ ಮುಂದೆ ತಂಗಿಯೂ ಕೂತು ಓದಬೇಕು ಎಂಬುದನ್ನೂ ಸೇರಿಸಿ. ಲೆಕ್ಕ ನೋಡಿ ಅವರು 'ಆಗಲಿ' ಎಂದರೆ 1440ಪಿ ತನ್ನಿ, ಸಂತೋಷವಾಗಿ ಆಡಿ. ಕೇಬಲನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಿ, ವಿಂಡೋಸ್‌ನಲ್ಲಿ ಮಾನಿಟರಿನ ಪೂರ್ತಿ ಹರ್ಟ್ಜ್ ಆನ್ ಮಾಡುವುದನ್ನು ಮರೆಯಬೇಡಿ. 'ಈ ವರ್ಷ ಬೇಡ' ಎಂದರೆ 24 ಇಂಚಿನ 1080ಪಿಯಲ್ಲಿ ಇನ್ನೂ ಎರಡು ವರ್ಷ ಆಡಬಹುದು. ಅಷ್ಟರಲ್ಲಿ ಇವತ್ತಿನ ಕಾರ್ಡ್ ಹಳೆಯದಾಗಿರುತ್ತದೆ, ಇವತ್ತಿನ ಸಾಲ ಮಾತ್ರ ಮನೆಯಲ್ಲಿ ಇರುವುದಿಲ್ಲ.